ಸಮಷ್ಟಿ ಜೀನೋಮಿಕ್ಸ್ ಮತ್ತು ಬೆಳೆಗಳ ತಳಿವೈವಿಧ್ಯ

ಒಂದೇ ಬೆಳೆಯ ನೂರಾರು, ಸಾವಿರಾರು ತಳಿಗಳ ಜೀನೋಮ್‌ಗಳನ್ನು ಓದಿ, ಒಂದಕ್ಕೊಂದು ಹೋಲಿಸಿ, ಅವುಗಳ ನಡುವಿನ ವ್ಯತ್ಯಾಸಗಳಲ್ಲಿ ಬೇಸಾಯಕ್ಕೆ ಒದಗುವಂಥವನ್ನು ಗುರುತಿಸುವ ವಿಜ್ಞಾನಕ್ಕೆ ಬೆಳೆಗಳ ಸಮಷ್ಟಿ ಜೀನೋಮಿಕ್ಸ್ ಎನ್ನುತ್ತಾರೆ. ಒಂದು ಗಿಡದ ಡಿಎನ್‌ಎ ಆ ಗಿಡದ ಬಗ್ಗೆ ಮಾತ್ರ ಹೇಳುತ್ತದೆ. ಸಾವಿರ ಗಿಡಗಳ ಡಿಎನ್‌ಎಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಆ ಬೆಳೆ ಯಾವ ಸೀಮೆಯಿಂದ ಹೊರಟಿತು, ಎಲ್ಲಿ ಕವಲೊಡೆಯಿತು, ರೈತರು ಯಾವ ಗುಣವನ್ನು ಆರಿಸಿ ಉಳಿಸಿಕೊಂಡರು, ಯಾವುದು ಕೈಬಿಟ್ಟುಹೋಯಿತು ಎಂಬುದೆಲ್ಲ ತಿಳಿದುಬರುತ್ತದೆ. ಬರ, ಚೌಳು, ರೋಗ, ಸತ್ವವಿಲ್ಲದ ಮಣ್ಣು ಇವನ್ನು ತಾಳುವ ಗುಣಗಳಲ್ಲಿ ಬಹುಪಾಲು ಹೊಸದಾಗಿ ಸೃಷ್ಟಿಸಬೇಕಾದವಲ್ಲ. ಯಾವುದೋ ಊರಿನ ನಾಟಿ ತಳಿಯಲ್ಲೋ ಕಾಡಿನಲ್ಲಿ ಬೆಳೆಯುವ ಸಂಬಂಧಿಯಲ್ಲೋ ಅವು ಈಗಾಗಲೇ ಇವೆ. ಅವು ಯಾವ ಬೀಜದಲ್ಲಿ, ಜೀನೋಮಿನ ಯಾವ ಜಾಗದಲ್ಲಿ ಇವೆ ಎಂದು ಹೇಳುವುದೇ ಈ ಶಾಖೆಯ ಮುಖ್ಯ ಕೆಲಸ.

ಹಿನ್ನೆಲೆ

ಬೆಳೆವೈವಿಧ್ಯವನ್ನು ಜಗತ್ತಿನಾದ್ಯಂತ ತಿರುಗಿ ಕಲೆಹಾಕಬೇಕೆಂಬ ಯೋಚನೆಗೆ ದೊಡ್ಡ ರೂಪ ಕೊಟ್ಟವನು ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೊವ್ (1887-1943). ಪ್ರತಿಯೊಂದು ಬೆಳೆಗೂ ವೈವಿಧ್ಯ ದಟ್ಟವಾಗಿರುವ ಕೇಂದ್ರಗಳಿವೆ ಎಂದು ಅವನು ತೋರಿಸಿದ. ಲೆನಿನ್‌ಗ್ರಾಡಿನಲ್ಲಿ ಅವನು ಕಟ್ಟಿದ ಬೀಜಸಂಗ್ರಹವನ್ನು ಎರಡನೆಯ ಮಹಾಯುದ್ಧದ ಮುತ್ತಿಗೆಯ ಕಾಲದಲ್ಲಿ ಸಹೋದ್ಯೋಗಿಗಳು ಕಾಯ್ದರು. ಕಾಳುಗಳ ಮೂಟೆಗಳ ನಡುವೆ ಇದ್ದುಕೊಂಡೇ ಅವರಲ್ಲಿ ಹಲವರು ಹಸಿವಿನಿಂದ ಸತ್ತರು. ವವಿಲೊವ್ ತಾನೂ 1943ರಲ್ಲಿ ಸರಾಟೊವ್ ಸೆರೆಮನೆಯಲ್ಲಿ ತೀರಿಕೊಂಡ. ಇಂದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ, ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಒಣಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊ ಮುಂತಾದವು ಇಂಥ ಸಂಗ್ರಹಗಳನ್ನು ಶೀತಲ ಕೋಣೆಗಳಲ್ಲಿ ಕಾಪಾಡುತ್ತಿವೆ. ದೆಹಲಿಯ ಭಂಡಾರದಲ್ಲೇ 4 ಲಕ್ಷಕ್ಕೂ ಹೆಚ್ಚು ಬೀಜಮಾದರಿಗಳಿವೆ.

ಇಷ್ಟು ಮಾದರಿಗಳಲ್ಲಿ ಬೇಕಾದದ್ದನ್ನು ಹುಡುಕುವುದು ಹೇಗೆ? ಜೀನೋಮ್ ಓದುವ ಕಾಲಕ್ಕೆ ಮೊದಲು ಇದ್ದದ್ದು ಒಂದೇ ದಾರಿ: ಎಲ್ಲವನ್ನೂ ಬಿತ್ತಿ ನೋಡುವುದು. 1970ರ ಸುಮಾರಿಗೆ ಏಷ್ಯಾದ ಭತ್ತಕ್ಕೆ ಗ್ರಾಸಿ ಸ್ಟಂಟ್ ಎಂಬ ವೈರಸ್ ರೋಗ ಅಂಟಿದಾಗ 6,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಲಾಯಿತು. ರೋಗಕ್ಕೆ ಮಣಿಯದೆ ನಿಂತದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಕಾಡುಭತ್ತದ ಒಂದೇ ಮಾದರಿ, ಒರೈಜಾ ನಿವಾರಾ. ಅದರ ನಿರೋಧಕ ಗುಣ 1976ರಲ್ಲಿ ಬಿಡುಗಡೆಯಾದ ಐಆರ್ 36 ತಳಿಯನ್ನು ಸೇರಿತು. ಆ ಒಂದು ಮಾದರಿ ಸಂಗ್ರಹದಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಅದೇ ಹೊತ್ತಿಗೆ ಹೊಲಗಳಲ್ಲಿ ವೈವಿಧ್ಯ ಕುಗ್ಗುತ್ತಿತ್ತು. ಹಸಿರು ಕ್ರಾಂತಿಯ ಗಿಡ್ಡ ಭತ್ತಗಳೆಲ್ಲ ಹೆಚ್ಚುಕಡಿಮೆ ಒಂದೇ ಜೀನಿಗೆ ಋಣಿಯಾಗಿವೆ. ತೈವಾನಿನ ಡೀ-ಜಿಯೊ-ವೂ-ಜೆನ್ ಎಂಬ ತಳಿಯಿಂದ 1966ರ ಐಆರ್ 8ಕ್ಕೆ ಬಂದ ಎಸ್‌ಡಿ1 ಎಂಬುದು ಆ ಜೀನ್. ಇಳುವರಿ ಏರಿತು, ಆದರೆ ಸಾವಿರಾರು ನಾಟಿ ತಳಿಗಳು ಹೊಲ ಬಿಟ್ಟು ಭಂಡಾರದ ಲಕೋಟೆಗಳಿಗೆ ಸೇರಿದವು, ಇಲ್ಲವೇ ಹೆಸರಿಲ್ಲದೆ ಹೋದವು.

ಭಂಡಾರದ ರಾಶಿಯನ್ನು ಕೈಗೆಟುಕುವಂತೆ ಮಾಡಲು 1984ರಲ್ಲಿ ಒಟ್ಟೊ ಫ್ರಾಂಕೆಲ್ ತಿರುಳು ಸಂಗ್ರಹವೆಂಬ ಉಪಾಯ ಮುಂದಿಟ್ಟ. ಒಟ್ಟು ವೈವಿಧ್ಯವನ್ನು ಆದಷ್ಟು ಪ್ರತಿನಿಧಿಸುವ ಸುಮಾರು ಹತ್ತನೇ ಒಂದು ಭಾಗವನ್ನು ಆರಿಸಿ ಮೊದಲು ಅದನ್ನೇ ಪರೀಕ್ಷಿಸುವುದು ಈ ಉಪಾಯ. ಇಕ್ರಿಸ್ಯಾಟ್ 2001ರಲ್ಲಿ ಇದನ್ನು ಇನ್ನೂ ಕಿರಿದುಗೊಳಿಸಿ, ಸುಮಾರು 17,000 ಕಡಲೆ ಮಾದರಿಗಳಿಗೆ ಪ್ರತಿನಿಧಿಯಾಗಿ 211 ಮಾದರಿಗಳ ಕಿರು ಸಂಗ್ರಹವನ್ನು ರೂಪಿಸಿತು. ಜೀನೋಮ್ ಅಧ್ಯಯನಗಳ ಮೊದಲ ಹಂತಕ್ಕೆ ಇಂಥ ಸಂಗ್ರಹಗಳೇ ಬುನಾದಿಯಾದವು.

ಜೀನೋಮಿನಲ್ಲಿ ಉಳಿದಿರುವ ಗುರುತುಗಳು

ಭತ್ತದ ಜೀನೋಮಿನಲ್ಲಿ 12 ವರ್ಣತಂತು ಜೋಡಿಗಳಿದ್ದು, ಒಟ್ಟು ಸುಮಾರು 39 ಕೋಟಿ ಡಿಎನ್‌ಎ ಅಕ್ಷರಗಳಿವೆ. ಜಪಾನಿನ ನಿಪ್ಪೊನ್‌ಬಾರೆ ತಳಿಯ ಪೂರ್ಣ ಪಠ್ಯ 2005ರಲ್ಲಿ ಸಿದ್ಧವಾಯಿತು. ಭಾರತವೂ ಅದರಲ್ಲಿ ಪಾಲುಗೊಂಡು 11ನೇ ವರ್ಣತಂತುವಿನ ಒಂದು ಭಾಗವನ್ನು ಓದಿತು. ಇಂಥ ಒಂದು ಆಕರ ಜೀನೋಮ್ ಇದ್ದರೆ ಬೇರೆ ತಳಿಗಳ ಡಿಎನ್‌ಎಯನ್ನು ಸಣ್ಣ ತುಣುಕುಗಳಾಗಿ ಓದಿ, ಆಕರದ ಮೇಲೆ ಹೊಂದಿಸಿ, ಎಲ್ಲೆಲ್ಲಿ ಅಕ್ಷರ ಬೇರೆಯಾಗಿದೆ ಎಂದು ಗುರುತಿಸಬಹುದು. ಒಂದೇ ಅಕ್ಷರದ ಇಂಥ ವ್ಯತ್ಯಾಸಕ್ಕೆ ಸ್ನಿಪ್ ಎಂದು ಹೆಸರು. 2018ರಲ್ಲಿ ಪ್ರಕಟವಾದ 3,000 ಭತ್ತ ಜೀನೋಮ್ ಯೋಜನೆಯಲ್ಲಿ 89 ದೇಶಗಳ 3,010 ತಳಿಗಳಿಂದ ಸುಮಾರು 2.9 ಕೋಟಿ ಸ್ನಿಪ್‌ಗಳು ಸಿಕ್ಕವು.

ಈ ವ್ಯತ್ಯಾಸಗಳಲ್ಲಿ ಹೆಚ್ಚಿನವು ಗಿಡಕ್ಕೆ ಲಾಭವನ್ನೂ ನಷ್ಟವನ್ನೂ ಮಾಡದವು. ಆದರೆ ಅವು ಹರಡಿರುವ ರೀತಿಯಲ್ಲೇ ಇತಿಹಾಸವಿದೆ. ಕೆಲವೇ ಗಿಡಗಳಿಂದ ಬೆಳೆಯೊಂದು ಮೊದಲಾದರೆ ಜೀನೋಮಿನಾದ್ಯಂತ ವೈವಿಧ್ಯ ಕುಗ್ಗುತ್ತದೆ. ರೈತರು ಒಂದು ಗುಣವನ್ನು ಬಿಡದೆ ಆರಿಸಿದರೆ ಆ ಗುಣದ ಜೀನಿನ ಆಸುಪಾಸಿನಲ್ಲಿ ಮಾತ್ರ ವೈವಿಧ್ಯ ಥಟ್ಟನೆ ಬತ್ತುತ್ತದೆ, ಏಕೆಂದರೆ ಆಯ್ಕೆಯಾದ ಜೀನಿನ ಜೊತೆಗೆ ಅದರ ನೆರೆಯ ಡಿಎನ್‌ಎಯೂ ಎಲ್ಲೆಡೆ ಹಬ್ಬುತ್ತದೆ. ಇಂಥ ಜಾಗಗಳನ್ನು ಆಯ್ಕೆಯ ಜಾಡು ಎನ್ನಬಹುದು. ಎರಡು ಗುಂಪುಗಳ ನಡುವೆ, ಉದಾಹರಣೆಗೆ ಕಾಡು ಮತ್ತು ನಾಡು ತಳಿಗಳ ನಡುವೆ, ಯಾವ ಜಾಗಗಳಲ್ಲಿ ಅಂತರ ಅಸಹಜವಾಗಿ ದೊಡ್ಡದಾಗಿದೆ ಎಂದು ಲೆಕ್ಕಹಾಕುವುದು ಜಾಡು ಹಿಡಿಯುವ ಇನ್ನೊಂದು ಕ್ರಮ.

ಅಕ್ಕಿಯ ಬಣ್ಣ ಇದಕ್ಕೆ ಒಳ್ಳೆಯ ಉದಾಹರಣೆ. ಕಾಡುಭತ್ತದ ಅಕ್ಕಿ ಕೆಂಪು. ಕಾಳಿನ ಹೊರಪದರಕ್ಕೆ ಕೆಂಪು ಬಣ್ಣ ಬರಲು ಆರ್‌ಸಿ ಎಂಬ ಜೀನ್ ಕೆಲಸ ಮಾಡಬೇಕು. ಜಗತ್ತಿನ ಬಿಳಿ ಅಕ್ಕಿಯ ತಳಿಗಳಲ್ಲಿ ಬಹುಪಾಲು ಈ ಜೀನಿನ ಒಂದೇ ಜಾಗದಲ್ಲಿ 14 ಅಕ್ಷರಗಳನ್ನು ಕಳೆದುಕೊಂಡಿವೆ. ಇದು ಒಮ್ಮೆ ಮಾತ್ರ ಆದ ಬದಲಾವಣೆ. ಆ ಜಾಗದ ಸುತ್ತಲ ಡಿಎನ್‌ಎಯನ್ನು ನೋಡಿದರೆ ಅದು ಮೊದಲು ಭತ್ತದ ಎರಡು ಮುಖ್ಯ ಗುಂಪುಗಳಲ್ಲಿ ಒಂದಾದ ಜಪಾನಿಕಾದಲ್ಲಿ ಹುಟ್ಟಿ, ಸಂಕರದ ಮೂಲಕ ಇನ್ನೊಂದಾದ ಇಂಡಿಕಾ ಗುಂಪಿಗೆ ದಾಟಿತೆಂದು ಗೊತ್ತಾಗುತ್ತದೆ. ಬಿಳಿ ಅಕ್ಕಿಯನ್ನು ಮೆಚ್ಚಿದ ರೈತರು ಅದನ್ನು ನೆಲದಿಂದ ನೆಲಕ್ಕೆ ಒಯ್ದರು. ಕರಾವಳಿಯಲ್ಲಿ ಕುಚಲಕ್ಕಿಗೆ ಬಳಸುವ ಕೆಂಪು ಭತ್ತಗಳಲ್ಲಿ ಈ ಜೀನ್ ಇನ್ನೂ ಕೆಲಸ ಮಾಡುತ್ತಿದೆ. ಬಾಸ್ಮತಿಯ ಪರಿಮಳದ ಕತೆಯೂ ಇಂಥದೇ: ಬಿಎಡಿಎಚ್2 ಜೀನಿನಲ್ಲಿ 8 ಅಕ್ಷರಗಳು ಅಳಿಸಿಹೋದ ರೂಪ ಜಪಾನಿಕಾ ಮೂಲದ್ದು.

ಮುಸುಕಿನ ಜೋಳ ಇನ್ನೊಂದು ಪಾಠ ಕಲಿಸಿದೆ. ಮೆಕ್ಸಿಕೊದ ಬಾಲ್ಸಾಸ್ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಹುಲ್ಲಿನಿಂದ ಅದು ಮೂಡಿಬಂತು. ಹುಲ್ಲಿಗೆ ಕವಲುಗಳು ಅನೇಕ, ಮುಸುಕಿನ ಜೋಳಕ್ಕೆ ಒಂದೇ ಗಟ್ಟಿ ದಂಟು. ಈ ಬದಲಾವಣೆಗೆ ಮುಖ್ಯ ಕಾರಣ ಟಿಬಿ1 ಜೀನಿನಿಂದ ದೂರದಲ್ಲಿ ಬಂದು ಕೂತ ಒಂದು ಜಿಗಿಯುವ ಡಿಎನ್‌ಎ ತುಣುಕು. ಅದು ಅಲ್ಲಿ ಬಂದು ಕೂತದ್ದು ಬೇಸಾಯಕ್ಕೂ ಸಾವಿರಾರು ವರ್ಷ ಮೊದಲು. ಕಾಡುಹುಲ್ಲಿನ ಕೆಲವು ಗಿಡಗಳಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿದ್ದ ಒಂದು ರೂಪಭೇದವನ್ನು ಮನುಷ್ಯರ ಆಯ್ಕೆ ಹೆಕ್ಕಿ ತೆಗೆಯಿತು. ಉಪಯುಕ್ತ ಗುಣವೊಂದು ಬೇಕಾದ ಕಾಲಕ್ಕಿಂತ ಬಹಳ ಮೊದಲೇ ಸಮಷ್ಟಿಯಲ್ಲಿ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಗುಣಕ್ಕೂ ಜೀನಿಗೂ ಗಂಟು

ಆಯ್ಕೆಯ ಜಾಡು ಯಾವ ಜಾಗ ಮುಖ್ಯವಾಗಿತ್ತು ಎಂದಷ್ಟೇ ಹೇಳುತ್ತದೆ, ಯಾವ ಗುಣಕ್ಕೆ ಎಂದು ಹೇಳುವುದಿಲ್ಲ. ಅದಕ್ಕೆ ಸಮಗ್ರ ಜೀನೋಮ್ ಸಂಬಂಧ ಅಧ್ಯಯನ ಬೇಕು. ನೂರಾರು ತಳಿಗಳನ್ನು ಹೊಲದಲ್ಲಿ ಬೆಳೆಸಿ ಎತ್ತರ, ಹೂಬಿಡುವ ದಿನ, ಕಾಳಿನ ತೂಕ, ರೋಗದ ಪ್ರಮಾಣ ಮುಂತಾದವನ್ನು ಅಳೆದು, ಪ್ರತಿಯೊಂದು ಸ್ನಿಪ್ಪಿನ ಬಳಿಯೂ ಒಂದೇ ಪ್ರಶ್ನೆ ಕೇಳುತ್ತಾರೆ: ಈ ಅಕ್ಷರವಿರುವ ತಳಿಗಳು ಉಳಿದವಕ್ಕಿಂತ ಬೇರೆಯಾಗಿವೆಯೇ? ಚೀನಾದ ವಿಜ್ಞಾನಿಗಳು 2010ರಲ್ಲಿ 517 ನಾಟಿ ಭತ್ತಗಳಲ್ಲಿ 14 ಗುಣಗಳನ್ನು ಹೀಗೆ ಪರಿಶೀಲಿಸಿದ್ದು ಬೆಳೆಗಳಲ್ಲಿ ಈ ವಿಧಾನಕ್ಕೆ ದಾರಿ ತೆರೆಯಿತು.

ಇಲ್ಲಿ ದಾರಿತಪ್ಪಿಸುವ ಸಂಗತಿಯೊಂದಿದೆ. ಜಪಾನಿಕಾ ಭತ್ತಗಳು ಸಾಮಾನ್ಯವಾಗಿ ಚಳಿ ತಾಳುತ್ತವೆ, ಅವುಗಳ ಕಾಳು ಗಿಡ್ಡ. ಜಪಾನಿಕಾ, ಇಂಡಿಕಾ ಎರಡೂ ಗುಂಪುಗಳನ್ನು ಬೆರೆಸಿ ಲೆಕ್ಕಹಾಕಿದರೆ ಜಪಾನಿಕಾದಲ್ಲಿ ಮಾತ್ರ ಇರುವ ಯಾವುದೇ ಅಕ್ಷರವೂ ಚಳಿ ತಾಳುವುದಕ್ಕೆ ಕಾರಣವೆಂದು ತೋರಿಬಿಡುತ್ತದೆ. ಕಾಳಿನ ಆಕಾರದ ಜೀನ್ ಕೂಡ. ವಂಶದ ಸಾಮ್ಯವನ್ನು ಗುಣದ ಕಾರಣವೆಂದು ತಿಳಿಯುವ ಈ ತಪ್ಪನ್ನು ತಡೆಯಲು, ಯಾವ ತಳಿ ಯಾವುದಕ್ಕೆ ಎಷ್ಟು ಹತ್ತಿರದ ನೆಂಟ ಎಂಬುದನ್ನು ಮೊದಲೇ ಅಳೆದು ಲೆಕ್ಕದಲ್ಲಿ ಸೇರಿಸುತ್ತಾರೆ. ಹಾಗೆ ಮಾಡಿದರೆ ಸುಳ್ಳು ಸುಳಿವುಗಳು ಕಡಿಮೆಯಾಗುತ್ತವೆ, ಆದರೆ ಒಂದು ಗುಂಪಿಗೆ ಮಾತ್ರ ಸೇರಿದ ನಿಜವಾದ ಜೀನ್ ಕೂಡ ಕೈತಪ್ಪಬಹುದು.

ಸುಳಿವು ಎಷ್ಟು ನಿಖರ ಎಂಬುದು ಬೆಳೆಯ ಪರಾಗಸ್ಪರ್ಶವನ್ನು ಅವಲಂಬಿಸಿದೆ. ಮುಸುಕಿನ ಜೋಳದಲ್ಲಿ ಪರಕೀಯ ಪರಾಗದಿಂದ ಡಿಎನ್‌ಎ ಮತ್ತೆಮತ್ತೆ ಕಲೆಯುವುದರಿಂದ ಕೆಲವೇ ಸಾವಿರ ಅಕ್ಷರಗಳ ಒಳಗೆ ಜೀನಿನ ಜಾಗ ಹಿಡಿಯಬಹುದು. ತನ್ನ ಪರಾಗದಿಂದಲೇ ಕಾಳುಕಟ್ಟುವ ಭತ್ತದಲ್ಲಿ ಲಕ್ಷ ಅಕ್ಷರಗಳಿಗೂ ಮೀರಿದ ತುಂಡುಗಳು ಒಟ್ಟಿಗೇ ಸಾಗಿಬರುತ್ತವೆ. ಒಂದು ತುಂಡಿನಲ್ಲಿ ಹತ್ತಾರು ಜೀನ್‌ಗಳಿದ್ದಾಗ ಕಾರಣ ಯಾವುದೆಂದು ತಿಳಿಯಲು ಸಂಕರಣ, ಜೀನ್ ತಿದ್ದುಪಡಿ ಮುಂತಾದ ಬೇರೆ ಪ್ರಯೋಗಗಳು ಬೇಕಾಗುತ್ತವೆ.

ದೊಡ್ಡ ಕೊರತೆ ಇನ್ನೊಂದಿದೆ. ನೂರಕ್ಕೆ ಒಂದೆರಡು ತಳಿಗಳಲ್ಲಿ ಮಾತ್ರ ಇರುವ ಅಪರೂಪದ ರೂಪಗಳು ಈ ಲೆಕ್ಕದಲ್ಲಿ ಎದ್ದು ಕಾಣುವುದಿಲ್ಲ. ಒರೈಜಾ ನಿವಾರಾದ ನಿರೋಧಕ ಗುಣ ಅಷ್ಟೇ ಅಪರೂಪದ್ದಾಗಿತ್ತು. ಆದ್ದರಿಂದ ಅಪರೂಪದ ಗುಣವಿರುವ ತಳಿಯನ್ನು ಬೇರೊಂದರ ಜೊತೆ ಕೂಡಿಸಿ, ಹುಟ್ಟಿದ ಪೀಳಿಗೆಗಳಲ್ಲಿ ಅದನ್ನು ಸಾಮಾನ್ಯವಾಗಿಸಿ ಹುಡುಕುವ ಹಳೆಯ ವಿಧಾನ ಇಂದಿಗೂ ಉಳಿದಿದೆ. ಮುಸುಕಿನ ಜೋಳದಲ್ಲಿ 25 ಭಿನ್ನ ತಳಿಗಳನ್ನು ಒಂದೇ ಸಾಮಾನ್ಯ ತಳಿಯೊಂದಿಗೆ ಕೂಡಿಸಿ ಬೆಳೆಸಿದ ಸುಮಾರು 5,000 ತಳಿಸಾಲುಗಳ ಸಮೂಹ ಎರಡೂ ವಿಧಾನಗಳನ್ನು ಬೆಸೆದಿದೆ. ಹೂಬಿಡುವ ಕಾಲವನ್ನು ಒಂದೆರಡು ಪ್ರಬಲ ಜೀನ್‌ಗಳಲ್ಲ, ಸಣ್ಣಸಣ್ಣ ಪ್ರಭಾವದ ಹತ್ತಾರು ಜಾಗಗಳು ನಿರ್ಧರಿಸುತ್ತವೆ ಎಂದು 2009ರಲ್ಲಿ ಅದರಿಂದ ತಿಳಿಯಿತು. ಇಂಥ ಗುಣಗಳಿಗೆ ಒಂದೊಂದೇ ಜೀನನ್ನು ಬೆನ್ನಟ್ಟುವುದರಲ್ಲಿ ಅರ್ಥವಿಲ್ಲ. ಎಲ್ಲ ಸ್ನಿಪ್‌ಗಳ ಒಟ್ಟು ಪ್ರಭಾವದಿಂದ ಗಿಡದ ಯೋಗ್ಯತೆಯನ್ನು ಮೊದಲೇ ಅಂದಾಜಿಸುವ ಜೀನೋಮ್ ಆಧಾರಿತ ಆಯ್ಕೆ ಅಲ್ಲಿ ಹೆಚ್ಚು ಪ್ರಯೋಜನಕಾರಿ.

ಆಕರದಲ್ಲಿ ಇಲ್ಲದ ಜೀನ್

ಒಂದೇ ತಳಿಯನ್ನು ಆಕರವಾಗಿಟ್ಟುಕೊಂಡರೆ ಅದರಲ್ಲಿ ಇಲ್ಲದ್ದು ಕಣ್ಣಿಗೇ ಬೀಳುವುದಿಲ್ಲ. ರಂಜಕ ಕಡಿಮೆಯಿರುವ ಮಣ್ಣಿನಲ್ಲೂ ಬೇರು ಚೆನ್ನಾಗಿ ಇಳಿಯುವಂತೆ ಮಾಡುವ ಪಿಸ್ಟಾಲ್1 ಜೀನ್ 2012ರಲ್ಲಿ ಬೆಳಕಿಗೆ ಬಂತು. ಅದು ಸಿಕ್ಕಿದ್ದು ಕಸಲಾಥ್ ಎಂಬ ಔಸ್ ಗುಂಪಿನ ಹಳೆಯ ಭತ್ತದಲ್ಲಿ. ನಿಪ್ಪೊನ್‌ಬಾರೆಯ ಜೀನೋಮಿನಲ್ಲಿ ಆ ಜೀನೇ ಇಲ್ಲ. ಗೊಬ್ಬರ ಧಾರಾಳವಾಗಿ ಹಾಕುವ ಹೊಲಗಳಿಗಾಗಿ ರೂಪುಗೊಂಡ ಅನೇಕ ಆಧುನಿಕ ತಳಿಗಳಲ್ಲೂ ಇಲ್ಲ. ಬಡ ಮಣ್ಣಿನಲ್ಲಿ ಬೆಳೆ ತೆಗೆಯುತ್ತಿದ್ದ ಬಂಗಾಳ ಮತ್ತು ಪೂರ್ವ ಭಾರತದ ರೈತರ ಬೀಜಗಳಲ್ಲಿ ಅದು ಉಳಿದಿತ್ತು.

ಇಂಥ ಅನುಭವಗಳಿಂದ ಒಂದು ಬೆಳೆಯ ಎಲ್ಲ ತಳಿಗಳ ಜೀನ್‌ಗಳನ್ನೂ ಒಳಗೊಂಡ ಸರ್ವಜೀನೋಮ್ ಎಂಬ ಪರಿಕಲ್ಪನೆ ನೆಲೆಯೂರಿತು. 2019ರಲ್ಲಿ 725 ಟೊಮೆಟೊ ಮತ್ತು ಅದರ ಕಾಡು ಸಂಬಂಧಿಗಳನ್ನು ಹೀಗೆ ಹೋಲಿಸಿದಾಗ ಆಕರದಲ್ಲಿ ಇಲ್ಲದ 4,873 ಜೀನ್‌ಗಳು ದೊರೆತವು. ಹಣ್ಣಿನ ರುಚಿಗೆ ಸಂಬಂಧಿಸಿದ ಒಂದು ಜೀನಿನ ಅಪರೂಪದ ರೂಪವೂ ಅವುಗಳ ಜೊತೆ ಸಿಕ್ಕಿತು. ಗಾತ್ರಕ್ಕೂ ಗಟ್ಟಿತನಕ್ಕೂ ಆಯ್ದುಕೊಂಡ ತಳಿಗಳಲ್ಲಿ ಅದು ಬಹುಮಟ್ಟಿಗೆ ಮರೆಯಾಗಿತ್ತು.

ಗೋಧಿಯಲ್ಲಿ ಕಳೆದುಹೋದದ್ದರ ಪ್ರಮಾಣ ಇನ್ನೂ ದೊಡ್ಡದು. ಕೇಂಬ್ರಿಜ್‌ನ ಆರ್ಥರ್ ವಾಟ್‌ಕಿನ್ಸ್ 1920 ಮತ್ತು 30ರ ದಶಕಗಳಲ್ಲಿ 32 ದೇಶಗಳಿಂದ ನಾಟಿ ಗೋಧಿಯನ್ನು ತರಿಸಿಕೊಂಡಿದ್ದ. ಆ ಸಂಗ್ರಹದ 827 ತಳಿಗಳ ಜೀನೋಮನ್ನು ಬ್ರಿಟನ್ ಮತ್ತು ಚೀನಾದ ವಿಜ್ಞಾನಿಗಳು ಓದಿ 2024ರಲ್ಲಿ ಪ್ರಕಟಿಸಿದರು. ನಾಟಿ ಗೋಧಿ ಏಳು ಪ್ರಾಚೀನ ಗುಂಪುಗಳಾಗಿ ಬೇರ್ಪಡುತ್ತದೆ. ಆಧುನಿಕ ಗೋಧಿ ಬಹುತೇಕ ಎರಡೇ ಗುಂಪುಗಳಿಂದ ಬಂದಿದೆ. ಉಳಿದ ಐದು ಗುಂಪುಗಳ ವೈವಿಧ್ಯವನ್ನು ತಳಿ ಅಭಿವೃದ್ಧಿ ಇನ್ನೂ ಸರಿಯಾಗಿ ಮುಟ್ಟಿಯೇ ಇಲ್ಲ.

ಸಂಗ್ರಹ ದೊಡ್ಡದಾದಷ್ಟೂ ಅದರ ಲೆಕ್ಕಪತ್ರವನ್ನು ಸರಿಪಡಿಸಲೂ ಜೀನೋಮ್ ನೆರವಾಗುತ್ತದೆ. ಜರ್ಮನಿಯ ಗಾಟರ್ಸ್‌ಲೆಬೆನ್ ಭಂಡಾರದ 22,000ಕ್ಕೂ ಹೆಚ್ಚು ಬಾರ್ಲಿ ಮಾದರಿಗಳನ್ನು 2018ರಲ್ಲಿ ಪರಿಶೀಲಿಸಿದಾಗ ಬೇರೆಬೇರೆ ಸಂಖ್ಯೆಗಳಡಿ ಇದ್ದ ಒಂದೇ ಬೀಜಗಳು ಪತ್ತೆಯಾದವು.

ಕಡಲೆ: ಜೀನೋಮಿನಿಂದ ಹೊಲದವರೆಗೆ

ಈ ಕೆಲಸ ರೈತನ ಹೊಲಕ್ಕೆ ಹೇಗೆ ತಲುಪುತ್ತದೆಂದು ತಿಳಿಯಲು ಕಡಲೆಯನ್ನು ನೋಡುವುದು ಒಳ್ಳೆಯದು. ಕಡಲೆಯ ತವರು ತುರ್ಕಿಯ ಆಗ್ನೇಯ ಭಾಗ. ಅಲ್ಲಿನ ಸೈಸರ್ ರೆಟಿಕ್ಯುಲೇಟಮ್ ಎಂಬ ಕಾಡುಕಡಲೆ ಅದರ ಪೂರ್ವಜ. ಇಕ್ರಿಸ್ಯಾಟ್‌ನ ನಾಯಕತ್ವದಲ್ಲಿ 2013ರಲ್ಲಿ ಕಡಲೆಯ ಮೊದಲ ಜೀನೋಮ್ ಸಿದ್ಧವಾಯಿತು. 2019ರಲ್ಲಿ 45 ದೇಶಗಳ 429 ತಳಿಗಳ ಜೀನೋಮ್‌ಗಳು ಓದಲ್ಪಟ್ಟವು. 2021ರಲ್ಲಿ ಈ ಸಂಖ್ಯೆ 3,366ಕ್ಕೆ ಏರಿತು, ಅದರಲ್ಲಿ 195 ಕಾಡುಕಡಲೆಗಳು. ಕಡಲೆಯೂ ಅದರ ಪೂರ್ವಜ ಕಾಡುಕಡಲೆಯೂ ಸುಮಾರು 12,600 ವರ್ಷಗಳ ಹಿಂದೆ ಬೇರ್ಪಟ್ಟವೆಂದು ಈ ಅಧ್ಯಯನ ಅಂದಾಜಿಸಿತು. ಬೇಸಾಯದ ಹಾದಿಯಲ್ಲಿ ಕಡಲೆಯ ಸಂಖ್ಯೆ ತೀರಾ ಕುಗ್ಗಿದ್ದ ಕಾಲವಿತ್ತು. ಆಗ ಒಳ್ಳೆಯ ರೂಪಗಳು ಕಳೆದುಹೋದದ್ದಷ್ಟೇ ಅಲ್ಲ, ಗಿಡಕ್ಕೆ ಕೆಡುಕು ಮಾಡುವ ರೂಪಗಳೂ ಸದ್ದಿಲ್ಲದೆ ಉಳಿದುಬಂದವು. ಅವನ್ನು ಗುರುತಿಸಿ ಕಳೆಯುವುದೂ ಈಗ ತಳಿ ಅಭಿವೃದ್ಧಿಯ ಒಂದು ಗುರಿ.

ಭಾರತದಲ್ಲಿ ಕಡಲೆ ಹಿಂಗಾರಿ ಬೆಳೆ, ಮಳೆ ನಿಂತ ಮೇಲೆ ಕಪ್ಪುಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವಂಥದು. ಕಾಳು ಕಟ್ಟುವ ಹೊತ್ತಿಗೆ ತೇವ ಕೆಳಗಿಳಿದಿರುತ್ತದೆ, ಬೇರು ಅದನ್ನು ಹಿಂಬಾಲಿಸಬೇಕು. ಬೇರನ್ನು ಅಳೆಯುವುದು ಸುಲಭದ ಕೆಲಸವಲ್ಲ. ಇಕ್ರಿಸ್ಯಾಟ್‌ನಲ್ಲಿ ಸುಮಾರು 120 ಸೆಂಟಿಮೀಟರ್ ಎತ್ತರದ ಪಿವಿಸಿ ಕೊಳವೆಗಳಿಗೆ ಮಣ್ಣು ತುಂಬಿ ಗಿಡ ಬೆಳೆಸಿ, ಕೆಲವು ವಾರಗಳ ನಂತರ ಮಣ್ಣನ್ನು ನೀರಿನಲ್ಲಿ ತೊಳೆದು, ಬೇರಿನ ಉದ್ದವನ್ನೂ ತೂಕವನ್ನೂ ದಾಖಲಿಸಿದರು. ನೂರಾರು ತಳಿಸಾಲುಗಳಿಗೆ ಇದನ್ನೇ ಮಾಡಬೇಕು. ಐಸಿಸಿ 4958 ಎಂಬ ತಳಿಯ ಬೇರಿನ ಬಲಕ್ಕೆ ಸಂಬಂಧಿಸಿದ ಹಲವು ಜಾಗಗಳು ಒಂದೇ ವರ್ಣತಂತುವಿನ ಒಂದು ತುಂಡಿನಲ್ಲಿ ಒತ್ತೊತ್ತಾಗಿವೆ ಎಂಬುದು ಇಂಥ ಶ್ರಮದಿಂದಲೇ ಗೊತ್ತಾಯಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಆ ತುಂಡನ್ನು ಪೂಸಾ 372 ತಳಿಗೆ ಸೇರಿಸಿ ಪೂಸಾ 10216 ಎಂಬ ಕಡಲೆಯನ್ನು ರೂಪಿಸಿತು.

ಅದರ ಜೊತೆಗೇ 2019ರಲ್ಲಿ ಬಿಡುಗಡೆಗೆ ಆಯ್ಕೆಯಾದದ್ದು ಕರ್ನಾಟಕದ ಸೂಪರ್ ಅಣ್ಣಿಗೇರಿ 1. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರು ಹೊತ್ತ ಹಳೆಯ ಅಣ್ಣಿಗೇರಿ 1 ಉತ್ತರ ಕರ್ನಾಟಕದ ರೈತರಿಗೆ ಬಹುಕಾಲದಿಂದ ಅಚ್ಚುಮೆಚ್ಚಿನದು, ಆದರೆ ಸೊರಗು ರೋಗಕ್ಕೆ ಬೇಗ ತುತ್ತಾಗುತ್ತಿತ್ತು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ ಡಬ್ಲ್ಯುಆರ್ 315 ಎಂಬ ತಳಿಯಿಂದ ರೋಗನಿರೋಧಕ ಭಾಗವನ್ನು ಅದಕ್ಕೆ ದಾಟಿಸಿದವು. ಪ್ರತಿ ಪೀಳಿಗೆಯಲ್ಲೂ ಸಸಿಯ ಎಲೆಯಿಂದ ಡಿಎನ್‌ಎ ತೆಗೆದು, ನಿರೋಧಕ ಭಾಗ ಬಂದಿರುವ, ಉಳಿದೆಲ್ಲ ಕಡೆ ಅಣ್ಣಿಗೇರಿಯನ್ನೇ ಹೋಲುವ ಸಸಿಗಳನ್ನು ಮಾತ್ರ ಮುಂದುವರಿಸುವ ವಿಧಾನ ಇದು. ಒಡಿಶಾದ ಎಫ್‌ಆರ್13ಎ ಭತ್ತದಿಂದ ಮುಳುಗಡೆ ತಾಳುವ ಸಬ್1 ಜೀನನ್ನು ಪಡೆದು 2009ರಲ್ಲಿ ಭಾರತದ ರೈತರಿಗೆ ಬಂದ ಸ್ವರ್ಣ-ಸಬ್1 ಕೂಡ ಹೀಗೇ ತಯಾರಾಯಿತು. ಅದು ಎರಡು ವಾರದವರೆಗೆ ನೀರಿನಡಿ ಇದ್ದರೂ ಚೇತರಿಸಿಕೊಳ್ಳಬಲ್ಲದು.

ನೆಲ, ಹವೆ ಮತ್ತು ಸಣ್ಣ ಬೆಳೆಗಳು

ನಾಟಿ ತಳಿ ಬೆಳೆದ ಊರಿನ ಮಣ್ಣು, ಮಳೆ, ಬಿಸಿಲು ದಾಖಲಾಗಿದ್ದರೆ ಅದನ್ನೇ ಒಂದು ಗುಣವೆಂದು ಭಾವಿಸಿ ಜೀನೋಮಿನೊಂದಿಗೆ ಹೋಲಿಸಬಹುದು. 2015ರಲ್ಲಿ 1,943 ನಾಟಿ ಜೋಳಗಳ ಮೇಲೆ ನಡೆದ ಅಧ್ಯಯನ, ಹವೆ ಮತ್ತು ಮಣ್ಣಿಗೆ ಸಂಬಂಧಿಸಿದ ಸ್ನಿಪ್‌ಗಳಿಂದ ಬರದಲ್ಲೂ ಆಮ್ಲೀಯ ಮಣ್ಣಿನಲ್ಲೂ ಗಿಡದ ವರ್ತನೆಯನ್ನು ಮುಂಗಾಣಬಹುದೆಂದು ತೋರಿಸಿತು. ಈ ದಾರಿಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತದಂಥ ತಳಿಗಳಿಗೆ ವಿಶೇಷ ಬೆಲೆಯಿದೆ. ಬಂಗಾಳದ ನೊನಾ ಬೊಕ್ರಾ, ಕೇರಳದ ಪೊಕ್ಕಾಳಿ ಭತ್ತಗಳಿಂದಲೇ ಚೌಳು ತಾಳುವ ಜಾಗಗಳು ಮೊದಲು ಗುರುತಾದದ್ದು. ತಳಿ ಎಲ್ಲಿಂದ ಬಂತೆಂಬ ವಿವರ ಬರೆದಿಡದೆ ಬೀಜ ಮಾತ್ರ ಕೂಡಿಟ್ಟ ಭಂಡಾರಗಳಿಗೆ ಈ ವಿಧಾನ ದಕ್ಕುವುದಿಲ್ಲ.

ರಾಗಿಯ ವಿಷಯದಲ್ಲಿ ಮಾಡಬೇಕಾದದ್ದು ಇನ್ನೂ ಬಹಳ ಇದೆ. ರಾಗಿ ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಹುಟ್ಟಿ ಭಾರತಕ್ಕೆ ಬಂದ ಬೆಳೆ. ಆಫ್ರಿಕದ ರಾಗಿಯೂ ಭಾರತದ ರಾಗಿಯೂ ಬೇರೆಬೇರೆ ಗುಂಪುಗಳೆಂದು ಡಿಎನ್‌ಎ ಮಾರ್ಕರ್‌ಗಳು ತೋರಿಸಿವೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಈ ಎರಡನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ದೂರದ ಗುಂಪಿನಲ್ಲಿ ತನ್ನಲ್ಲಿಲ್ಲದ ಗುಣಗಳಿರುತ್ತವೆ ಎಂಬ ಸಮಷ್ಟಿ ಜೀನೋಮಿಕ್ಸ್‌ನ ಮೂಲ ತತ್ತ್ವವನ್ನು ಅವರು ಜೀನೋಮ್ ಯಂತ್ರಗಳು ಬರುವ ಮೊದಲೇ ಹೊಲದಲ್ಲಿ ಸಾಧಿಸಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 2017ರಲ್ಲಿ ಎಂಎಲ್-365 ರಾಗಿಯ ಜೀನೋಮ್ ಕರಡನ್ನು ಪ್ರಕಟಿಸಿತು. ರಾಗಿಯ ಪ್ರತಿ ಕೋಶದಲ್ಲಿ ಎರಡು ಪೂರ್ವಜರ ಜೀನೋಮ್‌ಗಳು ಜೊತೆಯಾಗಿವೆ. ಅವು ಒಂದನ್ನೊಂದು ಹೋಲುವುದರಿಂದ ಓದಿದ ತುಣುಕು ಯಾವುದಕ್ಕೆ ಸೇರಿದ್ದೆಂದು ನಿರ್ಧರಿಸುವುದು ಕಷ್ಟ. ವರ್ಣತಂತುಗಳ ಮಟ್ಟದ ಆಕರ ಜೀನೋಮ್ 2023ರಲ್ಲಿ ಬಂದಿದೆ. ಭತ್ತ, ಗೋಧಿಗಳಿಗೆ ಸಿಕ್ಕ ಹಣ ಮತ್ತು ಗಮನದಲ್ಲಿ ಅಲ್ಪ ಪಾಲೂ ರಾಗಿ, ನವಣೆ, ಸಾಮೆಗಳಿಗೆ ಸಿಕ್ಕಿಲ್ಲ ಎಂಬುದು ವಿಷಾದದ ಸಂಗತಿ.

ಹಕ್ಕು ಮತ್ತು ಹಂಚಿಕೆ

ಜೀನೋಮ್ ಓದುವ ಖರ್ಚು ವರ್ಷದಿಂದ ವರ್ಷಕ್ಕೆ ಇಳಿದಿದೆ, ಹೊಲದಲ್ಲಿ ಅಳೆಯುವ ಖರ್ಚು ಇಳಿದಿಲ್ಲ. ಅಳತೆಯ ಕೊರತೆಯೇ ಇಂದು ಈ ಶಾಖೆಯ ದೊಡ್ಡ ಅಡ್ಡಿ. ಎರಡನೆಯ ಅಡ್ಡಿ ಕಾನೂನಿನದು. 1992ರ ಜೀವವೈವಿಧ್ಯ ಒಪ್ಪಂದ ತಳಿಸಂಪನ್ಮೂಲದ ಮೇಲೆ ಆಯಾ ದೇಶದ ಅಧಿಕಾರವನ್ನು ಒಪ್ಪಿತು. ಮುಖ್ಯ ಆಹಾರಬೆಳೆಗಳ ಬೀಜ ವಿನಿಮಯಕ್ಕೆ 2001ರ ಅಂತರರಾಷ್ಟ್ರೀಯ ಒಡಂಬಡಿಕೆ ದಾರಿ ಮಾಡಿತು. ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರು ತಮ್ಮ ತಳಿಗಳನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಲು ಅವಕಾಶ ಕೊಟ್ಟಿತು. ಆದರೆ ಈ ಕಟ್ಟಳೆಗಳೆಲ್ಲ ಬೀಜವನ್ನು ಗಮನದಲ್ಲಿಟ್ಟುಕೊಂಡವು. ಬೀಜ ಗಡಿ ದಾಟದೆಯೇ ಅದರ ಡಿಎನ್‌ಎ ಪಠ್ಯ ಕಂಪ್ಯೂಟರಿನ ಮೂಲಕ ಎಲ್ಲಿಗೂ ಹೋಗಬಹುದು. ಅದನ್ನು ನೋಡಿ ಜೀನನ್ನು ತಿದ್ದಿದ ಕಂಪನಿ ಮೂಲ ತಳಿಯನ್ನು ಕಾಪಾಡಿದವರಿಗೆ ಏನು ಕೊಡಬೇಕು ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿರಲಿಲ್ಲ. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ಜೀವವೈವಿಧ್ಯ ಒಪ್ಪಂದದ ಸದಸ್ಯ ದೇಶಗಳು ಇದಕ್ಕೊಂದು ವ್ಯವಸ್ಥೆ ಬೇಕೆಂದು ಒಪ್ಪಿದವು. 2024ರಲ್ಲಿ ಕೊಲಂಬಿಯಾದ ಕ್ಯಾಲಿ ನಗರದ ಸಮ್ಮೇಳನ ಕ್ಯಾಲಿ ನಿಧಿಯ ರೂಪರೇಷೆಯನ್ನು ಅಂಗೀಕರಿಸಿತು. ಇಂಥ ಮಾಹಿತಿಯಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ಆದಾಯದ ಶೇ. 0.1ರಷ್ಟನ್ನು ಈ ನಿಧಿಗೆ ಕೊಡಬೇಕೆಂಬುದು ಅದರ ಸೂಚನೆ. ನಿಧಿಯ ಕನಿಷ್ಠ ಅರ್ಧ ಪಾಲು ಮೂಲನಿವಾಸಿ ಮತ್ತು ಸ್ಥಳೀಯ ಸಮುದಾಯಗಳ ಅಗತ್ಯಗಳಿಗೆ ಸಲ್ಲಬೇಕು. ಕಂಪನಿಗಳ ಈ ಕೊಡುಗೆಯನ್ನು ಕಡ್ಡಾಯ ಮಾಡಿಲ್ಲ.